ಕಣ್ಣು ಮುಚ್ಚುವ ಮಿಯಾಟಾ, ಕಣ್ಣು ಬಿಟ್ಟ ಮಿಯಾಟಾ

ಗೆಳೆಯನ ಹತ್ತಿರ ಎರಡು ಮಜ್ದಾ ಎಂಎಕ್ಸ್-5 ಕಾರುಗಳಿವೆ. ಮಿಯಾಟಾ ಅಂತಲೂ ಕರೆಯುತ್ತಾರಲ್ಲ, ಅದೇ. ಒಂದು 1989ರಲ್ಲಿ ಶುರುವಾದ ಮೊದಲ ತಲೆಮಾರಿನದು, ಅದರ ಸಂಕೇತ ಎನ್‌ಎ. ಅದರ ಹೆಡ್‌ಲೈಟ್ ಬಾನೆಟ್ಟಿನಲ್ಲಿ ಮಲಗಿರುತ್ತದೆ, ಕರೆದಾಗ ಏಳುತ್ತದೆ. ಇನ್ನೊಂದು 1998ರಲ್ಲಿ ಮಾರಾಟಕ್ಕೆ ಬಂದ ಎರಡನೇ ತಲೆಮಾರಿನ ಎನ್‌ಬಿ. ಇದರ ಲೈಟು ಏಳೋದೂ ಇಲ್ಲ, ಮಲಗೋದೂ ಇಲ್ಲ. ಎರಡನ್ನೂ ಒಂದೊಂದು ವಾರ ಓಡಿಸಿದೆ. ಎರಡಕ್ಕೂ ಎರಡೇ ಸೀಟು, ಎರಡೂ ಹಿಂದಿನ ಚಕ್ರದಿಂದ ಓಡುವಂಥವು. ಹಾಗಾಗಿ ನನ್ನ ಗಮನ ಪೂರ್ತಿ ಮೂತಿಯ ಮೇಲೆಯೇ.

ಹಗಲಿನಲ್ಲಿ ಎನ್‌ಎಗೆ ಸಾಟಿಯಿಲ್ಲ. ಮೂತಿ ನುಣ್ಣಗೆ, ನದಿಯಲ್ಲಿ ಸವೆದ ಕಲ್ಲಿನ ಹಾಗೆ. ಸಂಜೆಯಾಗಿ ಸ್ವಿಚ್ ತಿರುಗಿಸಿದರೆ ಗುರ್ ಅಂತ ಮೋಟಾರಿನ ಸದ್ದು, ಆಮೇಲೆ ಟಕ್. ಎರಡು ಡಬ್ಬಿ ಎದ್ದು ನಿಲ್ಲುತ್ತವೆ. ಆ ಕ್ಷಣಕ್ಕೆ ಅಂದವೂ ಹೋಯಿತು, ಗಾಳಿಯನ್ನು ಸೀಳುವ ಆಕಾರವೂ ಹೋಯಿತು. ಪಾಪ್-ಅಪ್ ಲೈಟಿನ ಎಡವಟ್ಟೇ ಇದು: ಕೆಲಸ ಮಾಡದಿದ್ದಾಗ ಮಾತ್ರ ಚೆಂದ.

ಹಾಗಿದ್ದರೆ ಇದನ್ನು ಯಾಕೆ ಮಾಡಿದರು? 1936ರ ಕಾರ್ಡ್ 810 ಎಂಬ ಕಾರಿನಲ್ಲೇ ಇದು ಇತ್ತು. ಚಾಲಕ ಡ್ಯಾಶ್‌ಬೋರ್ಡಿನ ಹಿಡಿಕೆಗಳನ್ನು ಕೈಯಲ್ಲೇ ತಿರುಗಿಸಿ ಲೈಟು ಏಳಿಸಬೇಕಿತ್ತು. 1968ರ ಓಪೆಲ್ ಜಿಟಿಯಲ್ಲಂತೂ ಲಿವರ್ ತಳ್ಳಿದರೆ ಎರಡೂ ಲೈಟು ಒಂದೇ ದಿಕ್ಕಿಗೆ ಉರುಳಿ ಬರುತ್ತಿದ್ದವು, ಕಣ್ಣು ಹೊರಳಿಸಿದ ಹಾಗೆ. ಆದರೆ ಈ ಸ್ಟೈಲಿಗೆ ದೊಡ್ಡ ಬಲ ಕೊಟ್ಟದ್ದು ಅಮೆರಿಕದ ನಿಯಮ. 1940ರಿಂದ ಅಲ್ಲಿ ಗೊತ್ತುಪಡಿಸಿದ ಅಳತೆಯ ಸೀಲ್ಡ್ ಬೀಮ್ ಲೈಟನ್ನೇ, ಅಂದರೆ ಬಲ್ಬು, ಗಾಜು ಎಲ್ಲ ಸೇರಿಸಿ ಮುಚ್ಚಿದ ಲೈಟನ್ನೇ, ಹಾಕಬೇಕಿತ್ತು. ಮುಂದೆ ಲೈಟು ನೆಲದಿಂದ ಇಷ್ಟು ಎತ್ತರದಲ್ಲಿರಬೇಕು ಅಂತಲೂ ಬಂತು. ಮೂತಿ ತಗ್ಗಿಸಿದರೆ ಲೈಟಿಗೆ ಜಾಗವಿಲ್ಲ. ಅದಕ್ಕೇ ಬಚ್ಚಿಟ್ಟರು, ಬೇಕಾದಾಗ ಎತ್ತಿದರು.

1983ರಲ್ಲಿ ಆ ಸೀಲ್ಡ್ ಬೀಮ್ ನಿಯಮ ಸಡಿಲವಾಯಿತು. ಮರುವರ್ಷದ ಲಿಂಕನ್ ಮಾರ್ಕ್ 7 ಕಾರು ಮೂತಿಗೆ ಹೊಂದುವ ಲೈಟು ಹಾಕಿಕೊಂಡೇ ಬಂತು. ಬಚ್ಚಿಡುವ ಕಾರಣವೇ ಮುಗಿಯಿತು ಅಲ್ವಾ? ತಮಾಷೆ ಅಂದರೆ, ಅದೇ 1983ರಲ್ಲಿ ಟೊಯೋಟಾ ಒಂದೇ ಕಾರನ್ನು ಎರಡು ಮುಖದಲ್ಲಿ ಮಾರಲು ಶುರುಮಾಡಿತ್ತು: ಟ್ರುಯೆನೊಗೆ ಪಾಪ್-ಅಪ್, ಲೆವಿನ್‌ಗೆ ಸಾದಾ ಲೈಟು. ಆಮೇಲೆ ಮೋಟಾರಿನ ತೂಕ, ಖರ್ಚು, ಡಿಕ್ಕಿಯಾದಾಗ ಪಾದಚಾರಿಗೆ ಜಾಸ್ತಿ ಪೆಟ್ಟಾಗಬಾರದು ಎಂಬ ಯುರೋಪಿನ ನಿಯಮಗಳು, ಹೀಗೆ ಒಂದೊಂದೇ ಸೇರಿಕೊಂಡವು. 2004ರಲ್ಲಿ ಕೊನೆಯ ಪಾಪ್-ಅಪ್ ಕಾರುಗಳಾದ ಕಾರ್ವೆಟ್ ಸಿ5 ಮತ್ತು ಲೋಟಸ್ ಎಸ್ಪ್ರಿಟ್ ತಯಾರಿಕೆ ನಿಂತಿತು. ಅಲ್ಲಿಗೆ ಆಟ ಮುಗಿಯಿತು.

ಮೋಟಾರ್ ಕೈಕೊಟ್ಟರೆ ಅಂತ ಎನ್‌ಎಯಲ್ಲಿ ಬಾನೆಟ್ ಕೆಳಗೆ, ರಬ್ಬರ್ ಟೋಪಿ ಹಾಕಿದ ಒಂದು ಗುಂಡಿ ಇಟ್ಟಿದ್ದಾರೆ. ಸುಮ್ನೆ ತಿರುಗಿಸಿ ನೋಡಿದೆ. ತಿರುಗಿಸಿದಷ್ಟೂ ಲೈಟು ಕೂದಲೆಳೆಯಷ್ಟೇ ಏಳುತ್ತದೆ, ಬಾವಿಯಿಂದ ನೀರು ಸೇದಿದ ಹಾಗೆ. ಹಿಂದೆ ಬೇರೊಂದು ಹಳೇ ಕಾರಿನಲ್ಲಿ (ಹೆಸರು ಬೇಡ ಬಿಡಿ) ಒಂದೇ ಲೈಟು ಎದ್ದು, ಇಡೀ ದಾರಿ ಕಣ್ಣು ಹೊಡೆಯುತ್ತಾ ಮನೆ ಸೇರಿದ್ದೆ. ಅದಕ್ಕೇ ಆ ಗುಂಡಿ ಕಂಡಾಗ ಖುಷಿಯಾಯಿತು.

ಎನ್‌ಬಿ ಬಗ್ಗೆ ಹೇಳುವುದು ಕಡಿಮೆ. ಸ್ವಿಚ್ ಹಾಕಿದರೆ ಬೆಳಕು ಬರುತ್ತದೆ, ಅಷ್ಟೇ. ರಾತ್ರಿ ಜಾಸ್ತಿ ಓಡಿಸುವವರು ಕಣ್ಣು ಮುಚ್ಚಿಕೊಂಡು ಇದನ್ನೇ ತಗೊಳ್ಳಿ. ಲೆನ್ಸ್ ಪ್ಲಾಸ್ಟಿಕ್. ಯಾವ ಕಾರಿನದ್ದಾದರೂ ಪ್ಲಾಸ್ಟಿಕ್ ಲೆನ್ಸ್ ವರ್ಷಗಟ್ಟಲೆ ಬಿಸಿಲು ಕುಡಿದರೆ ಮಬ್ಬಾಗುತ್ತದೆ, ಆಗಾಗ ಪಾಲಿಶ್ ಹಾಕಬೇಕು. ಎನ್‌ಎಯ ಗಾಜಿಗೆ ಆ ತಲೆನೋವಿಲ್ಲ, ಹಗಲೆಲ್ಲ ಅದು ನೆರಳಲ್ಲೇ ಮಲಗಿರುತ್ತದೆ.

ಎನ್‌ಬಿಗೆ ಬಂದ ಮೇಲೆ ನನಗೆ ಕೈಕಟ್ಟಿದ ಹಾಗಾದದ್ದು ಪಾರ್ಕಿಂಗಿನಲ್ಲಿ. ಎನ್‌ಎಯಲ್ಲಿ ಲೈಟು ಹಚ್ಚದೆ ಬರೀ ಎತ್ತುವುದಕ್ಕೇ ಡ್ಯಾಶಿನಲ್ಲಿ ಬೇರೆ ಬಟನ್ ಇದೆ. ಒತ್ತಿದರೆ ಕಾರಿನ ಎರಡೂ ಮೂಲೆ ಸೀಟಿನಿಂದಲೇ ಕಾಣುತ್ತದೆ. ಎನ್‌ಬಿಯ ಮೂತಿ ಎಲ್ಲಿ ಮುಗಿಯುತ್ತದೆ ಅಂತ ನೋಡಲು ನಾನು ಎರಡು ಸಲ ಕೆಳಗಿಳಿದೆ.