ಬಲೂನೋ, ಪೋಯಮೋ? ಅಕಲೇಸಿಯಾ ಇರುವವನ ಲೆಕ್ಕ

ಅಕಲೇಸಿಯಾ ಅಂದರೆ ನುಂಗಿದ್ದು ಹೊಟ್ಟೆಗೆ ಇಳಿಯದ ಕಾಯಿಲೆ. ಇದರಲ್ಲಿ ತೊಂದರೆ ಇರುವುದು ಗಂಟಲಲ್ಲಲ್ಲ, ಅನ್ನನಾಳದ ತಳದಲ್ಲಿ. ನುಂಗಿದಾಗ ಅಲ್ಲಿನ ಸ್ನಾಯು ಸಡಿಲ ಆಗಬೇಕು, ಆಗುವುದಿಲ್ಲ. ಸಡಿಲ ಮಾಡಿಸುವ ನರಕೋಶಗಳು ಸತ್ತುಹೋಗಿರುತ್ತವೆ. ಅವುಗಳನ್ನು ಮತ್ತೆ ಬೆಳೆಸುವ ಔಷಧಿ ಇನ್ನೂ ಬಂದಿಲ್ಲ. ಹಾಗಾಗಿ ಈಗಿರುವ ಚಿಕಿತ್ಸೆ ಯಾವುದೇ ಆಗಲಿ, ಆ ಬಿಗಿಯನ್ನು ಹೇಗಾದರೂ ಬಿಡಿಸುವುದೇ ಅದರ ಕೆಲಸ. ಮಾತ್ರೆ, ಬಲೂನ್ (ಬಿಗಿಯಾದ ಜಾಗದಲ್ಲಿ ಬಲೂನ್ ಉಬ್ಬಿಸಿ ಹಿಗ್ಗಿಸುವುದು), ಪೋಯಮ್ (ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ ಆ ಸ್ನಾಯು ಕತ್ತರಿಸುವುದು) ಮೂರೂ ನನಗೆ ಆಗಿವೆ.

ಮಾತ್ರೆಯ ಕಥೆ ಚಿಕ್ಕದು. ಊಟಕ್ಕೆ ಮುಂಚೆ ನಾಲಿಗೆ ಕೆಳಗೆ ನಿಫೆಡಿಪಿನ್. ತಲೆನೋವು ಬಂತು, ರೊಟ್ಟಿ ಇಳಿಯಲಿಲ್ಲ. ಆ ಸ್ನಾಯುವನ್ನು ಸಡಿಲಿಸಲು ಕೊಡುವ ಬೊಟಾಕ್ಸ್ ಇಂಜೆಕ್ಷನ್ ನಾನು ತೆಗೆದುಕೊಂಡಿಲ್ಲ. ಅದರ ಗುಣ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ತೀರಾ ವಯಸ್ಸಾದವರಿಗೆ, ಆಪರೇಷನ್ ತಡೆದುಕೊಳ್ಳಲಾಗದವರಿಗೆ ಅಷ್ಟೇ ಅದು.

ನಿಜವಾದ ಪೈಪೋಟಿ ಬಲೂನಿಗೂ ಪೋಯಮ್‌ಗೂ.

ಬಲೂನ್ ಹೊಸ ಉಪಾಯವೇನಲ್ಲ. ತಿಮಿಂಗಿಲದ ಮೂಳೆಯ ತುದಿಗೆ ಸ್ಪಂಜು ಕಟ್ಟಿ ಊಟ ಕೆಳಗೆ ತಳ್ಳಿಸಿದ್ದನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1674ರಲ್ಲೇ ಬರೆದಿದ್ದ. ಈಗ ಎಂಡೋಸ್ಕೋಪಿಯಲ್ಲಿ 30 ಮಿ.ಮೀ. ಬಲೂನಿಂದ ಶುರು ಮಾಡುತ್ತಾರೆ, ಸಾಲದಿದ್ದರೆ 35, ಆಮೇಲೆ 40. ಎಚ್ಚರ ಆದಾಗ ಎದೆಮೂಳೆಯ ಹಿಂದೆ ಯಾರೋ ಮುಷ್ಟಿ ಒತ್ತಿ ಹಿಡಿದಂಥ ನೋವು. ನಾಳ ಹರಿದಿದೆಯಾ ಅಂತ ಎಕ್ಸ್‌ರೇ ನೋಡಿಯೇ ನೀರು ಕೊಟ್ಟರು. ಅಪರೂಪಕ್ಕೆ ಹರಿಯುವುದುಂಟು, ಅದೇ ಇದರ ದೊಡ್ಡ ಅಪಾಯ.

ಆ ನೀರು ಸೀದಾ ಇಳಿಯಿತು. ನಾವು ರಾಯಚೂರಿನವರು, ನಮ್ಮ ಪರೀಕ್ಷೆ ಜೋಳದ ರೊಟ್ಟಿ. ಮೊದಲೆಲ್ಲ ಎರಡು ತುತ್ತಿಗೇ ಎದ್ದು ನಿಂತು, ಎದೆ ಸೆಟೆಸಿ, ಬಿಸಿನೀರು ಗುಟುಕರಿಸಿ ತಳ್ಳಬೇಕಿತ್ತು. ಬಲೂನ್ ಆದಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೂತಲ್ಲೇ ಹೋಯಿತು. ಬರುಬರುತ್ತಾ ಮತ್ತೆ ಬಿಗಿಯಾಯಿತು. ರಾತ್ರಿ ಉಂಡಿದ್ದು ಬೆಳಗಿನ ಜಾವ ಬಾಯಿಗೆ ಬರುತ್ತಿತ್ತು. ಹುಳಿ ಇಲ್ಲ, ಉಂಡ ಹಾಗೇ. ಅದು ಹೊಟ್ಟೆಗೆ ಇಳಿದೇ ಇರುತ್ತಿರಲಿಲ್ಲ!

ಪೋಯಮ್ ಮನುಷ್ಯರಿಗೆ ಮೊದಲು ಮಾಡಿದ್ದು ಜಪಾನಿನ ಹರುಹಿರೊ ಇನೌಯೆ, 2008ರಲ್ಲಿ. ನಮ್ಮ ಕಡೆಯವರು ಇದಕ್ಕೆ ಹೈದರಾಬಾದಿಗೆ ಹೋಗುವುದೇ ಜಾಸ್ತಿ, ನಾನೂ ಅಲ್ಲಿಗೇ ಹೋದೆ. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಒಳಪದರದಲ್ಲಿ ಸಣ್ಣ ಸೀಳು ಮಾಡುತ್ತಾರೆ. ಪದರದ ಅಡಿಯಲ್ಲೇ ಸುರಂಗ ಕೊರೆದು, ಬಿಗಿಯಾದ ಸ್ನಾಯು ಕತ್ತರಿಸಿ, ಸೀಳಿಗೆ ಕ್ಲಿಪ್ ಹಾಕಿ ಬರುತ್ತಾರೆ. ಹೊರಗೆ ಒಂದು ಗೀರೂ ಇಲ್ಲ. ನುಂಗುವುದರಲ್ಲಿ ಬಲೂನಿಗಿಂತ ಇದೇ ಮೇಲು. ಬಿಗಿ ಮರಳಿ ಬಂದಿಲ್ಲ.

ಬಂದಿದ್ದು ಹುಳಿತೇಗು. ಬಾಗಿಲು ಒಡೆದ ಮೇಲೆ ಹೋಗುವುದೂ ಸಲೀಸು, ಬರುವುದೂ ಸಲೀಸು, ಅಲ್ವಾ? ದಿನಾ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ. ಮಂಚದ ತಲೆಕಡೆ ಕಾಲಿಗೆ ಇಟ್ಟಿಗೆ.

ಇದು ನನ್ನೊಬ್ಬನ ಪಾಡಲ್ಲ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ 133 ರೋಗಿಗಳಲ್ಲಿ ಇವೆರಡನ್ನೇ ಹೋಲಿಸಿದ್ದರು. ಎರಡು ವರ್ಷದ ಹೊತ್ತಿಗೆ ಪೋಯಮ್ ಆದವರಲ್ಲಿ ಶೇ. 92, ಬಲೂನ್ ಆದವರಲ್ಲಿ ಶೇ. 54 ಮಂದಿಗೆ ಚಿಕಿತ್ಸೆ ಫಲಿಸಿತ್ತು. ಆಮ್ಲದಿಂದ ಅನ್ನನಾಳ ಕೆಂಪಾದವರು ಪೋಯಮ್‌ನಲ್ಲಿ ಶೇ. 41, ಬಲೂನಿನಲ್ಲಿ ಬರೀ 7.

ಆದರೆ ಆ 54 ನೋಡಿ ಬಲೂನನ್ನು ತಳ್ಳಿಹಾಕಬೇಡಿ. ಅಲ್ಲಿ 35 ಮಿ.ಮೀ.ಗೆ ನಿಲ್ಲಿಸಿ, ಆಮೇಲೂ ಕಷ್ಟ ಇದ್ದರೆ ಫೇಲ್ ಎಂದು ಬರೆದುಕೊಂಡರು. 2011ರ ಯುರೋಪಿನ ಅಧ್ಯಯನದಲ್ಲಿ ಮರುಕಳಿಸಿದಾಗ ಮತ್ತೆ ಹಿಗ್ಗಿಸಲು ಅವಕಾಶ ಇತ್ತು. ಅಲ್ಲಿ ಬಲೂನಿಗೆ ಶೇ. 86, ಹೊಟ್ಟೆಗೆ ಸಣ್ಣ ತೂತು ಮಾಡಿ ಅದೇ ಸ್ನಾಯು ಕತ್ತರಿಸುವ ಲ್ಯಾಪರೋಸ್ಕೋಪಿ ಆಪರೇಷನ್‌ಗೆ ಶೇ. 90. ಬಲೂನ್ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ, ಅಷ್ಟೇ.

ಹಾಗಾಗಿ ಮೊದಲು ಮ್ಯಾನೊಮೆಟ್ರಿ (ಅನ್ನನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ, ಅಕಲೇಸಿಯಾದ ಮೂರು ಟೈಪ್‌ಗಳಲ್ಲಿ ನಿಮ್ಮದು ಯಾವುದು ಅಂತ ಕೇಳಿ. ಟೈಪ್ 3 ಆದರೆ ಸುಮ್ನೆ ಬಲೂನಿಗೆ ಹೋಗಬೇಡಿ. ಅದರಲ್ಲಿ ಸೆಳೆತ ಮೇಲಿನವರೆಗೂ ಇರುತ್ತದೆ, ಪೋಯಮ್‌ನಲ್ಲಿ ಅಷ್ಟುದ್ದ ಕತ್ತರಿಸಬಹುದು. ನನ್ನ ಹಾಗೆ ಟೈಪ್ 2 ಆದರೆ ಎರಡೂ ನಡೆಯುತ್ತದೆ. ಆಸ್ಪತ್ರೆ ಹತ್ತಿರ ಇದ್ದು, ಮತ್ತೆ ಮತ್ತೆ ಹೋಗಲು ಬೇಸರವಿಲ್ಲದಿದ್ದರೆ ಬಲೂನಿಂದಲೇ ಶುರು ಮಾಡಿ. ನನಗೆ ರಜೆಯೂ ಸಿಗುತ್ತಿರಲಿಲ್ಲ, ರೊಟ್ಟಿಯೂ ಬಿಡಲಾಗುತ್ತಿರಲಿಲ್ಲ. ಹುಳಿತೇಗಿಗೆ ಮಾತ್ರೆ ನುಂಗುತ್ತೇನೆ ಪರವಾಗಿಲ್ಲ, ಪೋಯಮ್ಮೇ ಇರಲಿ ಅಂದೆ.