ಹಳೇ ಕ್ವಿಡ್: ಎಂಜಿನ್ ಪರವಾಗಿಲ್ಲ, ಮಿಕ್ಕಿದ್ದನ್ನು ಬಗ್ಗಿ ನೋಡಿ

2015ರ ಸೆಪ್ಟೆಂಬರ್‌ನಲ್ಲಿ ರೆನೋ ಕ್ವಿಡ್ ಕಾರು ಮಾರುಕಟ್ಟೆಗೆ ಬಂದಾಗ ಎಕ್ಸ್-ಶೋರೂಂ ಬೆಲೆ 2.57 ಲಕ್ಷದಿಂದ ಶುರುವಾಗಿತ್ತು. ಆ ಬೆಲೆಗೆ ಇಳಿಸಲು ಎಲ್ಲೆಲ್ಲಿ ಕೈ ಬಿಗಿ ಹಿಡಿದಿದ್ದಾರೆ ಅನ್ನುವುದೇ ಇವತ್ತು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಾಕಬೇಕಾದ ಲೆಕ್ಕ. ಗಾಜಿಗೆ ಒಂದೇ ವೈಪರ್, ಚಕ್ರಕ್ಕೆ ಮೂರೇ ನಟ್. ಮೂರು ನಟ್ ಅಂದಮಾತ್ರಕ್ಕೆ ಚಕ್ರ ಕಳಚಿ ಓಡುವುದಿಲ್ಲ. ಆದರೆ ಪಂಕ್ಚರ್ ಅಂಗಡಿಯವ ಒಂದನ್ನು ಸಡಿಲ ಬಿಟ್ಟರೆ ಹಿಡಿದಿರುವುದು ಎರಡೇ.

0.8 ಲೀಟರ್ ಎಂಜಿನ್ನಿನ ಕಾರಾದರೆ ಮೊದಲು ರೀಕಾಲ್ ವಿಚಾರ. 2016ರ ಮೇ 18ರವರೆಗೆ ತಯಾರಾದ ಸುಮಾರು 50,000 ಕಾರುಗಳನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾಪಸ್ ಕರೆದು, ಪೆಟ್ರೋಲ್ ಹೋಸ್‌ಗೆ ಕ್ಲಿಪ್ ಹಾಕಿಕೊಟ್ಟರು. ಇದೇ ಎಂಜಿನ್ನಿನ ಡಾಟ್ಸನ್ ರೆಡಿಗೋಗೂ ಅದೇ ಚಿಕಿತ್ಸೆ. 2018ರ ಫೆಬ್ರವರಿಯಲ್ಲಿ ಮತ್ತೊಮ್ಮೆ, ಈ ಸಲ ಸ್ಟೀರಿಂಗ್ ತಪಾಸಣೆಗೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಹಿಡಿದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಎರಡೂ ಆಗಿದೆಯೇ ಎಂದು. ಮಾರುವವರ ಬಾಯಿಮಾತು ಸಾಲದು. ಬಾನೆಟ್ ಎತ್ತುತ್ತಲೇ ಪೆಟ್ರೋಲ್ ವಾಸನೆ ಹೊಡೆದರೆ ಟೆಸ್ಟ್ ಡ್ರೈವ್ ಅಲ್ಲಿಗೇ ಮುಗಿಯಿತು.

ಎಂಜಿನ್ ಮೂರು ಸಿಲಿಂಡರಿನದು, ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚಿಲ್ಲ. ನಡುಕ ಅದರ ಹುಟ್ಟುಗುಣ. ಆದರೆ ಎಸಿ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದಾಗ ಡ್ಯಾಶ್‌ಬೋರ್ಡೇ ಗಡಗಡ ಎಂದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಸತ್ತಿರುತ್ತದೆ. ಆಕ್ಸಿಲರೇಟರ್ ಒತ್ತಿದರೂ ನಡುಗುತ್ತಾ ಎಳೆಯದಿದ್ದರೆ ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ನೋಡಿಸಿ: ಮೂರು ಸಿಲಿಂಡರಿನಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಪಾಲು ಶಕ್ತಿಯೇ ಹೋದಂತೆ. ಸಿಗ್ನಲ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತಾ ಆಫ್ ಆಗುವುದು ಬಹುತೇಕ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಟ್ಟಿದ ಮಸಿಯಿಂದ. ಕ್ಲೀನ್ ಮಾಡಿಸಿದರೆ ಸರಿಹೋಗುತ್ತದೆ, ಇದಕ್ಕೆ ಹೆದರಬೇಕಿಲ್ಲ. ಹಂಪ್ ಇಳಿಯುವಾಗ ಮುಂದೆ ಟಕ್ ಎಂದರೆ ಸಸ್ಪೆನ್ಷನ್ನಿನ ಲೋಯರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಗೇರ್‌ಬಾಕ್ಸ್) ಬಗ್ಗೆ ಮಾತ್ರ ತಕರಾರಿದೆ. 1.0 ಲೀಟರ್ ಎಂಜಿನ್ನಿನ ಜೊತೆ ಬಂದ ಮೊದಲ ಎಎಂಟಿಗಳಲ್ಲಿ ಬ್ರೇಕ್ ಬಿಟ್ಟರೆ ಕಾರು ತಾನಾಗಿ ಮುಂದಕ್ಕೆ ತೆವಳುವ ಸೌಲಭ್ಯ ಇರಲಿಲ್ಲ. ಅದು ಸೇರಿದ್ದು 2018ರಲ್ಲಿ. ಹಾಗಾಗಿ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ಓಡಿಸುವವರು ಆಕ್ಸಿಲರೇಟರ್ ಒತ್ತಿಯೇ ನಿಲ್ಲಿಸಿಕೊಳ್ಳುತ್ತಾರೆ. ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟೇ, ಹೀಗೆ ನಿಲ್ಲಿಸಿದಷ್ಟೂ ಸವೆಯುತ್ತದೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಹೊರಡುವುದೊಂದೇ ದಾರಿ. ಮಡಿಕೇರಿ, ಚಿಕ್ಕಮಗಳೂರು ಕಡೆ ಓಡಿದ ಹಳೇ ಎಎಂಟಿಯನ್ನು ಕ್ಲಚ್ ಬೆಲೆ ಕಳೆಯದೆ ಕೊಳ್ಳಬೇಡಿ.

ಸುರಕ್ಷತೆಯಲ್ಲಿ ನೆಪಗಳಿಗೆ ಜಾಗವಿಲ್ಲ. 2016ರ ಮೇ ತಿಂಗಳಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಅಂಕ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇದ್ದದ್ದೂ ಸೇರಿ ಸೊನ್ನೆ ಸ್ಟಾರ್. ಸುಧಾರಿಸಿದ ಮೇಲೆ ಡ್ರೈವರ್ ಏರ್‌ಬ್ಯಾಗ್ ಸಹಿತ ಸಿಕ್ಕಿದ್ದು ಒಂದು. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ಎರಡೂ ಎಲ್ಲ ಮಾದರಿಯಲ್ಲಿ ಬಂದಿದ್ದು 2019ರಲ್ಲಿ. ನೋಡುವುದಾದರೆ ಆಮೇಲಿನ 1.0 ಮ್ಯಾನುವಲ್ ನೋಡಿ. 54 ಪಿಎಸ್ (ಅಶ್ವಶಕ್ತಿ) ಬಲದ 0.8 ಅಗ್ಗಕ್ಕೆ ಸಿಕ್ಕಿತೆಂದು ಆಸೆಪಟ್ಟರೆ, ಅಡ್ವಾನ್ಸ್ ಕೊಡುವ ಮೊದಲು ನಾಲ್ಕು ಜನ ಕೂತು, ಎಸಿ ಹಾಕಿ, ಒಂದು ಉದ್ದನೆಯ ಏರು ಹತ್ತಿಸಿ.