ಪಿಎಂ ಕಿಸಾನ್: ಹಣ ಬರುತ್ತದೆ, ಮೊದಲು ಪಹಣಿ ನೋಡಿಕೊಳ್ಳಿ

ಅಮ್ಮನ ಖಾತೆಗೆ ಈ ಸಲದ ಕಂತು 2,000 ಬಂದ ದಿನವೇ ನಮ್ಮ ರಾಗಿ ಹೊಲದಲ್ಲಿ ಕಳೆ ಕೀಳೋಕೆ ಐದು ಜನ ಬಂದಿದ್ದರು. ತಲೆಗೆ 400ರಂತೆ ಅಲ್ಲಿಗಲ್ಲಿಗೆ ಸರಿಹೋಯಿತು. ಯಾರ ಮನೆ ಬಾಗಿಲಿಗೂ ಕೈಸಾಲಕ್ಕೆ ಹೋಗದೆ ಸಂಜೆಗೇ ಕೂಲಿ ಕೊಟ್ಟೆವು. ಅದಕ್ಕೇ ಇದು ಸಣ್ಣ ಹಣ ಅಂತ ನಾನು ತಳ್ಳಿಹಾಕುವುದಿಲ್ಲ. ಐದಕ್ಕೆ ಮೂರು ಸ್ಟಾರ್.

ಜಮೀನಿರುವ ರೈತರಿಗೆ ಕೇಂದ್ರ ಸರ್ಕಾರ ಹಣ ಕೊಡುವ ಈ ಯೋಜನೆ ಶುರುವಾಗಿದ್ದು 2019ರ ಫೆಬ್ರವರಿಯಲ್ಲಿ. ವರ್ಷಕ್ಕೆ 6,000, ಮೂರು ಕಂತು. ನೇರ ಬ್ಯಾಂಕಿಗೇ ಬೀಳುತ್ತದೆ, ನಡುವೆ ಯಾರ ಕೈಯೂ ಇಲ್ಲ. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಅಂತಿತ್ತು, ಅದೇ ವರ್ಷ ಆ ಮಿತಿ ತೆಗೆದರು, ಹಾಗಾಗಿ ಎರಡೆಕರೆಯವರಿಗೂ ಇಪ್ಪತ್ತೆಕರೆಯವರಿಗೂ ಒಂದೇ ಮೊತ್ತ. ಇದು ನನಗೆ ಸರಿ ಕಾಣುವುದಿಲ್ಲ.

ಆದರೆ ನಿಜವಾದ ಕಷ್ಟ ಇರುವುದು ಪಹಣಿಯಲ್ಲಿ, ಅಂದರೆ ಜಮೀನು ಯಾರದು ಅಂತ ಹೇಳುವ ಸರ್ಕಾರಿ ದಾಖಲೆಯಲ್ಲಿ. ಜಮೀನು ಅಪ್ಪನ ಹೆಸರಲ್ಲಿತ್ತು. ಅವರು ತೀರಿಕೊಂಡ ಮೇಲೆ ಹಣ ನಿಂತಿತು. ಉಳುವವರು ನಾವೇ, ಹೊಲ ಅದೇ, ಆದರೂ ಪೌತಿ ಖಾತೆ ಆಗುವ ತನಕ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರುವ ತನಕ, ಸರ್ಕಾರದ ಲೆಕ್ಕದಲ್ಲಿ ನಾವು ರೈತರೇ ಅಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಅಲೆದದ್ದಾಯಿತು. ಖಾತೆ ಅಮ್ಮನ ಹೆಸರಿಗೆ ಬಂದ ಮೇಲೆ ರಾಜ್ಯ ಸರ್ಕಾರದ ರೈತರ ನೋಂದಣಿ ತಾಣ ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಬೇಕು. ಅಲ್ಲಿ ಇನ್ನೊಂದು ತಕರಾರು. ಆಧಾರಿನಲ್ಲಿ ಅಮ್ಮನ ಹೆಸರಷ್ಟೇ ಇದೆ, ಪಹಣಿಯಲ್ಲಿ 'ಕೋಂ' (ಇಂಥವರ ಹೆಂಡತಿ) ಅಂತ ಅಪ್ಪನ ಹೆಸರೂ ಸೇರಿದೆ, ಎರಡೂ ಹೊಂದುತ್ತಿಲ್ಲ ಅಂತ ವಾಪಸ್ ಕಳಿಸಿದರು. ಅದಕ್ಕೇ ಮತ್ತೆ ಎರಡು ತಿಂಗಳು ಹೋಯಿತು.

ಕೊನೆಗೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ಖಚಿತಪಡಿಸೋದು. ಪಕ್ಕದ ಊರಿನ ಸೇವಾ ಕೇಂದ್ರದಲ್ಲಿ ಅಮ್ಮ ಹೆಬ್ಬೆಟ್ಟು ಇಟ್ಟರೆ ಯಂತ್ರ ತಗೊಳ್ಳಲೇ ಇಲ್ಲ. ನಲವತ್ತು ವರ್ಷ ಕಡ್ಲೆಕಾಯಿ ಕಿತ್ತ ಕೈ, ಗೆರೆಗಳೇ ಸವೆದಿವೆ. ಸೆರಗಿಗೆ ಒರೆಸಿ ಒರೆಸಿ ಒಂಬತ್ತು ಸಲ ಇಟ್ಟರು. ಹಿಂದೆ ನಿಂತವರು ಗೊಣಗುತ್ತಿದ್ದರು, ಅಮ್ಮ ತಪ್ಪು ತನ್ನದೇ ಅನ್ನೋ ಹಾಗೆ ತಲೆ ತಗ್ಗಿಸಿದ್ದರು. ಆ ಮುಖ ನಾನು ಮರೆಯೋದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿದರೂ ಸಾಕು ಅಂತ ಅಲ್ಲಿ ಯಾರೂ ಹೇಳಲಿಲ್ಲ. 2023ರಿಂದಲೇ ಆ ಸೌಲಭ್ಯ ಇದೆ. ಮನೆಗೆ ಬಂದು ನನ್ನ ತಮ್ಮ ಅವನ ಫೋನಿನಲ್ಲೇ ಮಾಡಿದ, ಎರಡು ನಿಮಿಷದ ಕೆಲಸ. ನಿಮ್ಮ ಮನೆಯ ಹಿರಿಯರಿಗೂ ಹಾಗೇ ಮಾಡಿಕೊಡಿ.

ನಾನು ಎರಡು ಸ್ಟಾರ್ ಕಳೆದಿರುವುದು ನಮ್ಮ ಅಲೆದಾಟಕ್ಕಲ್ಲ, ಪಕ್ಕದ ಹೊಲದ ಅಣ್ಣನಿಗಾಗಿ. ಅವರು ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡೋ ಮಾತಿನ ಮೇಲೆ, ಮಾಡುತ್ತಾರೆ. ಬಿತ್ತನೆ, ಗೊಬ್ಬರ, ರಾತ್ರಿ ಹಂದಿ ಕಾಯೋದು ಎಲ್ಲ ಅವರದೇ. ಪಹಣಿ ಬೆಂಗಳೂರಿನಲ್ಲಿರುವ ಮಾಲೀಕರ ಹೆಸರಲ್ಲಿದೆ, ಕಂತು ಅವರಿಗೇ ಹೋಗುತ್ತದೆ. 1974ರ ಭೂ ಸುಧಾರಣೆ ತಿದ್ದುಪಡಿ ಆದ ಮೇಲೆ ಕರ್ನಾಟಕದಲ್ಲಿ ಗೇಣಿಗೆ ಕೊಡೋಕೆ ಕಾನೂನಿನಲ್ಲಿ ಹೆಚ್ಚುಕಡಿಮೆ ಅವಕಾಶವೇ ಇಲ್ಲ, ಅದಕ್ಕೆ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತದೆ. ಕಾಗದ ಇಲ್ಲದ ಮೇಲೆ ಆ ಅಣ್ಣ ಯಾವ ಕಚೇರಿಗೆ ಹೋಗಿ ಕೇಳಬೇಕು ಹೇಳಿ? ಪ್ರತಿ ಕಂತು ಬಂದಾಗಲೂ "ನಿಮಗೆ ಬಂತಾ?" ಅಂತ ಅಮ್ಮನನ್ನ ವಿಚಾರಿಸುತ್ತಾರೆ. ಬಂತು ಅನ್ನೋಕೆ ಅಮ್ಮನಿಗೆ ಮುಜುಗರ.

ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ಈ ಬೇಸಿಗೆಯಲ್ಲೇ ನಾಡಕಚೇರಿಗೆ ಹೋಗಿ ಅರ್ಜಿ ಹಾಕಿ. ಮಳೆ ಬಿದ್ದ ಮೇಲೆ ಯಾರಿಗೂ ಪುರುಸೊತ್ತು ಇರೋದಿಲ್ಲ.